ಬಿಡಿಭಾಗ ಕೂಡಿಸಿ ಎಲೆಕ್ಟ್ರಿಕ್ ಗಿಟಾರ್ ಕಟ್ಟಿದ ನನ್ನ ಅನುಭವ

ಬೇರೆ ಬೇರೆ ತಯಾರಕರ ಬಿಡಿಭಾಗಗಳನ್ನು ಆರಿಸಿ ತರಿಸಿ ಒಂದು ಎಲೆಕ್ಟ್ರಿಕ್ ಗಿಟಾರ್ ಕಟ್ಟಿದ ಮೇಲೆ ನನಗೆ ಮನದಟ್ಟಾದ ಸಂಗತಿಯೆಂದರೆ, ವಾದ್ಯದ ಗುಣವು ಭಾಗಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಒಂದು ಭಾಗ ಇನ್ನೊಂದರೊಡನೆ ಕೂಡುವ ಜಾಗಗಳಲ್ಲಿ ಇರುತ್ತದೆ ಎಂಬುದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ದುಬಾರಿ ಪಿಕಪ್, ಒಳ್ಳೆಯ ಮರ, ಬಾಡಿಯ ಮೇಲೆ ತಂತಿಗಳಿಗೆ ಆಸರೆಯಾಗುವ ಹೆಸರಾಂತ ಬ್ರಿಡ್ಜ್ ಎಲ್ಲವೂ ಇದ್ದು, ಗಿಟಾರಿನ ಕುತ್ತಿಗೆಯಾದ ನೆಕ್ ಬಾಡಿಯಲ್ಲಿ ಅದಕ್ಕೆಂದು ಕೊರೆದ ಗುಂಡಿಯಲ್ಲಿ ಸರಿಯಾಗಿ ಕೂರದಿದ್ದರೆ, ನೆಕ್ಕಿನ ಮೇಲಿನ ಅಡ್ಡ ಲೋಹಪಟ್ಟಿಗಳಾದ ಫ್ರೆಟ್ಟುಗಳ ತಲೆ ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ, ಆ ಗಿಟಾರ್ ನುಡಿಸುವವರ ಕೈಗೆ ಒಗ್ಗುವುದಿಲ್ಲ. ಆದ್ದರಿಂದ ಇಲ್ಲಿ ಯಾವ ಭಾಗ ಕೊಳ್ಳಬೇಕು ಎಂಬುದಕ್ಕಿಂತ, ಕೊಂಡದ್ದನ್ನು ಹೇಗೆ ಹೊಂದಿಸಿದೆ ಎಂಬುದನ್ನೇ ಹೆಚ್ಚಾಗಿ ಬರೆಯುತ್ತೇನೆ.

ಈ ಬಗೆಯ ಕೆಲಸ ಸಾಧ್ಯವಾದದ್ದು ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಅವರ ವಿನ್ಯಾಸದಿಂದ. 1950ರಲ್ಲಿ ಹೊರಬಂದು ಮುಂದೆ ಟೆಲಿಕಾಸ್ಟರ್ ಎಂದು ಹೆಸರಾದ ಗಿಟಾರಿನಲ್ಲಿಯೂ 1954ರ ಸ್ಟ್ರಾಟೋಕಾಸ್ಟರಿನಲ್ಲಿಯೂ ನೆಕ್ಕನ್ನು ಅಂಟಿನಿಂದ ಕೂಡಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿತ್ತು. ಬಿಚ್ಚಿ ಮತ್ತೆ ಹಾಕಬಹುದಾದ ನೆಕ್ ಇದ್ದಲ್ಲಿ ಬದಲಾಯಿಸಿ ಹಾಕಬಹುದಾದ ನೆಕ್ಕೂ ಇರುತ್ತದೆ. ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕೊಂಡ ಹಳೆಯ ಸ್ಟ್ರಾಟೋಕಾಸ್ಟರುಗಳಲ್ಲಿ ಮೂರರ ಒಳ್ಳೆಯ ಭಾಗಗಳನ್ನು ಆರಿಸಿ ಕಟ್ಟಿಸಿದ ‘ಬ್ಲ್ಯಾಕಿ’ಯನ್ನು ವರ್ಷಗಟ್ಟಲೆ ವೇದಿಕೆಯ ಮೇಲೆ ನುಡಿಸಿದರು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅದೇ ದಶಕದಲ್ಲಿ ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಆಕಾರದ ಬಿಡಿ ಬಾಡಿಯೊಂದರಲ್ಲಿ ಗಿಬ್ಸನ್ ಕಂಪನಿಯ ಗಿಟಾರಿನ ಎರಡು ಸುರುಳಿಯ ಹಂಬಕರ್ ಪಿಕಪ್ ಕೂರಿಸಿದರು. ನನ್ನ ಮನಸ್ಸಿನಲ್ಲಿದ್ದುದೂ ಹೆಚ್ಚುಕಡಿಮೆ ಅಂಥದೇ ಜೋಡಣೆ: ಆಲ್ಡರ್ ಮರದ ಸ್ಟ್ರಾಟ್ ಬಾಡಿ, ರೋಸ್‌ವುಡ್ ಫಿಂಗರ್‌ಬೋರ್ಡ್ (ಬೆರಳೂರುವ ಪಟ್ಟಿ) ಇರುವ ಮೇಪಲ್ ನೆಕ್, ಬ್ರಿಡ್ಜಿನ ಬಳಿ ಒಂದು ಹಂಬಕರ್, ಉಳಿದೆರಡು ಕಡೆ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್, ಮತ್ತು ಸ್ವರ ಬಾಗಿಸುವ ಟ್ರೆಮೊಲೊ ಸನ್ನೆ ಇಲ್ಲದ ಸ್ಥಿರ ಬ್ರಿಡ್ಜ್.

ಹಣ ಕೊಡುವ ಮೊದಲು ಎಲ್ಲ ಭಾಗಗಳ ಅಳತೆಗಳನ್ನು ಒಂದೇ ಹಾಳೆಯ ಮೇಲೆ ಬರೆದುಕೊಂಡೆ. ಇಡೀ ಕೆಲಸದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ವಸ್ತು ಆ ಹಾಳೆಯೇ. ಫೆಂಡರ್ ಮಾದರಿಯ ನೆಕ್ಕಿನಲ್ಲಿ ತಂತಿಯ ಮಿಡಿಯುವ ಉದ್ದ 648 ಮಿ.ಮೀ.; ಗಿಬ್ಸನ್ ಮಾದರಿಯಲ್ಲಿ ಅದು ಸುಮಾರು 628 ಮಿ.ಮೀ. ನೆಕ್ಕಿನ ಬುಡದ ಅಗಲ ಸುಮಾರು 56 ಮಿ.ಮೀ., ಗುಂಡಿಯ ಆಳ ಸುಮಾರು 16 ಮಿ.ಮೀ., ಬುಡದ ಒಟ್ಟು ದಪ್ಪ 25.4 ಮಿ.ಮೀ. ಸ್ಟ್ರಾಟ್ ನೆಕ್ಕಿನ ಬುಡದ ತುದಿ ಸ್ವಲ್ಪ ದುಂಡಗಿದ್ದು ಟೆಲಿಕಾಸ್ಟರಿನದು ನೇರವಾಗಿರುತ್ತದೆ, ಹಾಗಾಗಿ ಅಗಲ ಒಂದೇ ಆದರೂ ಒಂದರ ನೆಕ್ ಇನ್ನೊಂದರ ಗುಂಡಿಯಲ್ಲಿ ಸಂದಿಲ್ಲದೆ ಕೂರುವುದಿಲ್ಲ.

ಈ ಅಂಕಿಗಳಿಂದಲೇ ಬ್ರಿಡ್ಜಿನ ಎತ್ತರವನ್ನು ಲೆಕ್ಕ ಹಾಕಬಹುದು. 25.4ರಲ್ಲಿ 16 ಕಳೆದರೆ ಫಿಂಗರ್‌ಬೋರ್ಡ್ ಬಾಡಿಯ ಮೇಲ್ಮೈಯಿಂದ ಸುಮಾರು 9.4 ಮಿ.ಮೀ. ಮೇಲಿರುತ್ತದೆ, ಫ್ರೆಟ್ಟಿನ ಎತ್ತರಕ್ಕೆ ಒಂದು ಮಿಲಿಮೀಟರು ಸೇರಿಸಬೇಕು, ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿ 1.6 ಮಿ.ಮೀ. ಎತ್ತರದಲ್ಲಿರಬೇಕಾದರೆ, ಅದಕ್ಕಿಂತ ಎರಡರಷ್ಟು ದೂರದಲ್ಲಿರುವ ಬ್ರಿಡ್ಜಿನ ಬಳಿ ಆ ಎತ್ತರವೂ ಸರಿಸುಮಾರು ಎರಡರಷ್ಟಾಗುತ್ತದೆ. ಎಲ್ಲ ಕೂಡಿದರೆ ಬ್ರಿಡ್ಜಿನಲ್ಲಿ ತಂತಿಯನ್ನು ಹೊರುವ ಸ್ಯಾಡಲಿನ ತುದಿ ಬಾಡಿಯಿಂದ 13ರಿಂದ 14 ಮಿ.ಮೀ. ಮೇಲಿರಬೇಕು. ಕೆಲವು ಬ್ರಿಡ್ಜುಗಳ ಸ್ಯಾಡಲ್ ಅಷ್ಟು ಎತ್ತರಕ್ಕೆ ಏರುವುದಿಲ್ಲ, ಮತ್ತೆ ಕೆಲವು ಅದಕ್ಕಿಂತ ಕೆಳಕ್ಕೆ ಇಳಿಯುವುದಿಲ್ಲ. ಸ್ಯಾಡಲ್ ತೀರ ಕೆಳಗಿಳಿಸಿದರೂ ತಂತಿ ಎತ್ತರವೇ ಉಳಿಯುವ ಸ್ಥಿತಿ ಬಂದರೆ ಗುಂಡಿಯಲ್ಲಿ ಬ್ರಿಡ್ಜಿನ ಕಡೆಯ ತುದಿ ದಪ್ಪವಾಗಿರುವ ಇಳಿಜಾರಿನ ಮರದ ಹಾಳೆಯಿಟ್ಟು ನೆಕ್ಕನ್ನು ಕೊಂಚ ಹಿಂದಕ್ಕೆ ಓರೆ ಮಾಡಬಹುದು; ಆಗಲೂ ಗುಂಡಿಯ ತಳವನ್ನೆಲ್ಲ ತುಂಬುವ ಹಾಳೆಯೇ ಒಳ್ಳೆಯದು, ಒಂದು ಮೂಲೆಗೆ ತುರುಕಿದ ರಟ್ಟಿನ ಚೂರಲ್ಲ. ಲೆಕ್ಕ ಮೊದಲೇ ಹಾಕಿ ಬ್ರಿಡ್ಜ್ ಆರಿಸಿದ್ದರಿಂದ ನನಗೆ ಅದರ ಅಗತ್ಯ ಬೀಳಲಿಲ್ಲ.

ಉಳಿದ ಹೊಂದಾಣಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬ್ರಿಡ್ಜಿನಲ್ಲಿ ಮೊದಲ ತಂತಿಯಿಂದ ಆರನೆಯ ತಂತಿಯವರೆಗಿನ ಅಂತರ ಹಳೆಯ ಮಾದರಿಗಳಲ್ಲಿ 56.4 ಮಿ.ಮೀ., ಹೊಸವುಗಳಲ್ಲಿ 52.4 ಮಿ.ಮೀ. ಇರುತ್ತದೆ. ನಾನು ಎರಡನೆಯದನ್ನು ಆರಿಸಿದೆ, ಏಕೆಂದರೆ ಕೊನೆಯ ಫ್ರೆಟ್ಟುಗಳ ಮೇಲೆ ಹೊರಗಿನ ತಂತಿ ಅಂಚಿನಿಂದ ಜಾರುವುದು ನನಗೆ ಇಷ್ಟವಿಲ್ಲ. ಹಂಬಕರ್ ಪಿಕಪ್ಪಿನ ಮೊದಲ ಕಾಂತ ಧ್ರುವದಿಂದ ಆರನೆಯದರವರೆಗಿನ ಅಂತರವೂ ಎರಡು ಬಗೆಯದು, ಸುಮಾರು 50 ಮತ್ತು 53 ಮಿ.ಮೀ.; ಫೆಂಡರ್ ಮಾದರಿಯ ಬ್ರಿಡ್ಜಿನ ಪಕ್ಕದಲ್ಲಿ ಅಗಲವಾದದ್ದೇ ತಂತಿಗಳ ಕೆಳಗೆ ಸರಿಯಾಗಿ ಬರುತ್ತದೆ. ತಂತಿ ಬಿಗಿಯುವ ತಿರುಗಣೆಗಳಾದ ಟ್ಯೂನರುಗಳಿಗೆ ನೆಕ್ಕಿನ ತಲೆಯಲ್ಲಿ ಕೊರೆದ ರಂಧ್ರ 10 ಮಿ.ಮೀ. ಆಗಿದ್ದರೆ ಇಂದಿನ ಮುಚ್ಚಿದ ಟ್ಯೂನರ್ ಕೂರುತ್ತದೆ, ಹಳೆಯ ಮಾದರಿಯದಕ್ಕೆ ಅದಕ್ಕಿಂತ ಸಣ್ಣ ರಂಧ್ರ ಬೇಕು.

ಬಣ್ಣವಾಗಲಿ ಎಣ್ಣೆಯಾಗಲಿ ಹಚ್ಚುವ ಮೊದಲೇ ಇಡೀ ಗಿಟಾರನ್ನು ಒಮ್ಮೆ ಬರಿಮರದಲ್ಲಿ ಜೋಡಿಸಿ ನೋಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ರಂಧ್ರ ಕೊರೆಯುವ, ಕೆತ್ತುವ ಕೆಲಸವೆಲ್ಲ ಆಗಲೇ ಮುಗಿಯಬೇಕು. ನಾನು ತರಿಸಿದ ಬಾಡಿಯಲ್ಲಿ ಬ್ರಿಡ್ಜಿನ ರಂಧ್ರಗಳಿರಲಿಲ್ಲ. ಅದನ್ನು ಬೇಕೆಂದೇ ಹಾಗೆ ಕೇಳಿದ್ದೆ. ನೆಕ್ಕನ್ನು ಗುಂಡಿಯಲ್ಲಿಟ್ಟು ಕ್ಲ್ಯಾಂಪಿನಿಂದ ಹಿಡಿಸಿ, ಎರಡು ಹೊರ ಟ್ಯೂನರುಗಳಿಂದ ಬಿಗಿಯಾದ ನೂಲನ್ನು ಎಳೆದು ಬ್ರಿಡ್ಜಿನ ಹೊರ ಸ್ಯಾಡಲುಗಳ ಮೇಲೆ ಹಾಯಿಸಿದೆ. ಫಿಂಗರ್‌ಬೋರ್ಡಿನ ಎರಡೂ ಅಂಚಿನಿಂದ ನೂಲು ಸಮಾನ ದೂರದಲ್ಲಿರುವವರೆಗೆ ಬ್ರಿಡ್ಜನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾ ಹೋದೆ. ಉದ್ದದ ಅಳತೆಗೆ, ನೆಕ್ಕಿನ ತಲೆಯ ಬಳಿ ತಂತಿಗಳಿಗೆ ಆಸರೆಯಾದ ನಟ್ಟಿನ ಅಂಚಿನಿಂದ ಹನ್ನೆರಡನೆಯ ಫ್ರೆಟ್ಟಿನ ಮಧ್ಯದವರೆಗೆ ಅಳೆದೆ; ಅದು 324 ಮಿ.ಮೀ. ಇತ್ತು, ಎರಡರಷ್ಟು ಮಾಡಿದರೆ 648. ಅತಿ ತೆಳುವಾದ ಮೊದಲ ತಂತಿಯ ಸ್ಯಾಡಲನ್ನು ಮುಂದಕ್ಕೆ ತಂದು, ಇನ್ನೂ ಒಂದೆರಡು ಸುತ್ತು ಮುಂದೆ ಹೋಗಲು ಜಾಗ ಉಳಿಸಿ, ಅದರ ತುದಿ ಆ ಗುರುತಿನ ಮೇಲೆ ಬರುವಂತೆ ಬ್ರಿಡ್ಜನ್ನು ಇಟ್ಟೆ. ದಪ್ಪ ತಂತಿಗಳಿಗೆ ಸ್ಯಾಡಲ್ ಹಿಂದಕ್ಕೇ ಸರಿಯಬೇಕಾಗಿರುವುದರಿಂದ ಓಡಾಟದ ಜಾಗವೆಲ್ಲ ಹಿಂದೆ ಇರಬೇಕು.

ನೆಕ್ಕಿನ ಸ್ಕ್ರೂಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬಾಡಿಯಲ್ಲಿರುವ ರಂಧ್ರಗಳಲ್ಲಿ ಸ್ಕ್ರೂ ಸಡಿಲವಾಗಿ ಜಾರಿಹೋಗಬೇಕು. ಅದರ ಎಳೆಗಳು ಕಚ್ಚಬೇಕಾದದ್ದು ನೆಕ್ಕಿನ ಮರವನ್ನು ಮಾತ್ರ. ಎರಡೂ ಮರವನ್ನು ಕಚ್ಚಿದರೆ ಎಷ್ಟು ತಿರುಗಿಸಿದರೂ ಎರಡರ ನಡುವಿನ ಸಂದಿ ಹಾಗೇ ಉಳಿಯುತ್ತದೆ. ಮೇಪಲ್ ಬಹಳ ಗಟ್ಟಿ ಮರವಾದ್ದರಿಂದ ನೆಕ್ಕಿನಲ್ಲಿ ಮೊದಲೇ ಸುಮಾರು 3.2 ಮಿ.ಮೀ. ರಂಧ್ರ ಕೊರೆದು, ಡ್ರಿಲ್ ಬಿಟ್ಟಿನ ಮೇಲೆ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡು, ಸ್ಕ್ರೂವಿನ ಎಳೆಗಳಿಗೆ ಮೇಣ ಸವರಿ ತಿರುಗಿಸಿದೆ. ನಾಲ್ಕನ್ನೂ ಸ್ವಲ್ಪ ಸ್ವಲ್ಪವಾಗಿ ಎದುರುಬದುರಿನ ಮೂಲೆಗಳಿಂದ ಬಿಗಿಯುತ್ತಾ ಬಂದರೆ ನೆಕ್ ಸಮವಾಗಿ ಕೂರುತ್ತದೆ.

ಆಮೇಲೆ ಎಲ್ಲವನ್ನೂ ಬಿಚ್ಚಿ ಬಾಡಿಯನ್ನು ಉಪ್ಪುಕಾಗದದಿಂದ ನಯಗೊಳಿಸಿ, ಬಟ್ಟೆಯಿಂದ ಒರೆಸಿ ಹಚ್ಚುವ ಎಣ್ಣೆಯನ್ನು ತೆಳುವಾದ ಪದರಗಳಲ್ಲಿ ಹಚ್ಚಿದೆ. ಆಲ್ಡರ್ ಮರದ ರಂಧ್ರಗಳು ಸಣ್ಣವಾದ್ದರಿಂದ ಆ್ಯಶ್ ಮರಕ್ಕೆ ಬೇಕಾಗುವಂತೆ ತುಂಬುವ ಲೇಪ ಬೇಕಾಗಲಿಲ್ಲ. ನೆಕ್ಕಿನ ಗುಂಡಿಗೆ ಏನನ್ನೂ ಹಚ್ಚದೆ ಟೇಪಿನಿಂದ ಮುಚ್ಚಿಟ್ಟೆ, ಏಕೆಂದರೆ ಲೇಪದ ದಪ್ಪವೂ ಬಿಗಿಯಾದ ಹೊಂದಾಣಿಕೆಯನ್ನು ಕೆಡಿಸುತ್ತದೆ. ಅಗಸೆ ಎಣ್ಣೆಯಂಥ, ಒಣಗುತ್ತಾ ಬಿಸಿ ಹುಟ್ಟಿಸುವ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಅಂಥ ಬಟ್ಟೆಯನ್ನು ಬಿಚ್ಚಿ ಹರಡಿ, ಬಯಲಲ್ಲಿ ಒಣಗಿಸಿಯೇ ಎಸೆಯಬೇಕು.

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಫ್ರೆಟ್ಟುಗಳಿಗೆ. ಬಿಡಿ ನೆಕ್ಕುಗಳ ಫ್ರೆಟ್ಟು ಬಡಿದು ಕೂರಿಸಿದ್ದೇ ಹೊರತು ಸಾಮಾನ್ಯವಾಗಿ ಪೂರ್ತಿ ಮಟ್ಟಗೊಳಿಸಿರುವುದಿಲ್ಲ. ಮೊದಲು, ನೆಕ್ಕಿನ ಒಳಗಿದ್ದು ಅದರ ಬಾಗು ತಿದ್ದುವ ಟ್ರಸ್ ರಾಡನ್ನು ತಿರುಗಿಸಿ, ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಇಟ್ಟು, ನೆಕ್ಕನ್ನು ಸಪಾಟು ಮಾಡಿಕೊಂಡೆ. ಫಿಂಗರ್‌ಬೋರ್ಡಿನ ಮರವನ್ನು ಟೇಪಿನಿಂದ ಮುಚ್ಚಿ ಪ್ರತಿ ಫ್ರೆಟ್ಟಿನ ತಲೆಗೂ ಮಾರ್ಕರ್ ಶಾಯಿ ಬಳಿದೆ. ಉಪ್ಪುಕಾಗದ ಅಂಟಿಸಿದ ಉದ್ದನೆಯ ನೇರ ದಿಮ್ಮಿಯನ್ನು ತಂತಿಗಳು ಹಾಯುವ ದಿಕ್ಕಿನಲ್ಲಿಯೇ, ಕೈಭಾರ ಹಾಕದೆ, ಎಳೆಯುತ್ತಾ ಹೋದಂತೆ ಎತ್ತರದ ಫ್ರೆಟ್ಟುಗಳ ಶಾಯಿ ಮೊದಲು ಅಳಿಯಿತು. ತಗ್ಗಿದ್ದವುಗಳ ಶಾಯಿ ಹಾಗೇ ಕಪ್ಪಗೆ ಉಳಿದು ಎಲ್ಲಿ ಎಷ್ಟು ವ್ಯತ್ಯಾಸವಿದೆಯೆಂದು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಕೊನೆಯ ಫ್ರೆಟ್ಟಿನ ಶಾಯಿಯೂ ಅಳಿದ ಕ್ಷಣ ನಿಲ್ಲಿಸಬೇಕು, ಅದಕ್ಕಿಂತ ಒಂದು ಎಳೆತವೂ ಹೆಚ್ಚು ಬೇಡ. ಹೀಗೆ ಸಪಾಟಾದ ತಲೆಗಳಿಗೆ ಮತ್ತೆ ಶಾಯಿ ಬಳಿದು, ಕಮಾನು ಆಕಾರದ ಅರದಿಂದ ಎರಡೂ ಬದಿ ಉಜ್ಜಿ ದುಂಡಗೆ ಮಾಡುವಾಗ ಶಾಯಿಯ ಪಟ್ಟಿ ಕಿರಿದಾಗುತ್ತಾ ಬಂದು ನಡುವೆ ಗೆರೆಯಷ್ಟು ಉಳಿಯಬೇಕು. ಆ ಗೆರೆ ಉಳಿದಿದೆಯೆಂದರೆ ಮಟ್ಟ ಕೆಟ್ಟಿಲ್ಲ ಎಂದರ್ಥ. ನಂತರ ನಯವಾದ ಉಪ್ಪುಕಾಗದಗಳಲ್ಲಿ ಮೆರುಗು ಕೊಟ್ಟೆ.

ನಟ್ಟಿಗೆ ಮೂಳೆಯ ತುಂಡನ್ನು ಆರಿಸಿ ತಂತಿಯ ದಪ್ಪಕ್ಕೆ ತಕ್ಕ ಅರಗಳಿಂದ ಗೀರು ಕೊಯ್ದೆ. ನಾನು ಹಾಕುವ ತಂತಿಗಳು 0.25 ಮಿ.ಮೀ.ನಿಂದ 1.17 ಮಿ.ಮೀ. ದಪ್ಪದವು. ಗೀರಿನ ತಳ ಟ್ಯೂನರಿನ ಕಡೆಗೆ ಇಳಿಜಾರಾಗಿದ್ದು ತಂತಿಯ ಕೊನೆಯ ಆಸರೆ ಫಿಂಗರ್‌ಬೋರ್ಡಿನ ಕಡೆಯ ಅಂಚಿನಲ್ಲಿಯೇ ಇರಬೇಕು, ಇಲ್ಲವಾದರೆ ಸ್ವರ ಮಂಕಾಗಿ ಝೇಂಕರಿಸುತ್ತದೆ. ಆಳ ಸಾಕೋ ಇಲ್ಲವೋ ತಿಳಿಯಲು ಮೂರನೆಯ ಫ್ರೆಟ್ಟಿನ ಬಳಿ ತಂತಿಯನ್ನು ಒತ್ತಿ ಹಿಡಿದು ಮೊದಲನೆಯ ಫ್ರೆಟ್ಟಿನ ಮೇಲೆ ಬೆಳಕಿನ ಎಳೆ ಕಾಣುತ್ತದೆಯೇ ನೋಡಬೇಕು. ಎಳೆಯಷ್ಟು ಕಂಡರೆ ಸರಿ; ಹೆಚ್ಚು ಕಂಡರೆ ಮೊದಲ ಫ್ರೆಟ್ಟುಗಳಲ್ಲಿ ಸ್ವರ ಏರುತ್ತದೆ, ಏನೂ ಕಾಣದಿದ್ದರೆ ತೆರೆದ ತಂತಿ ಬೇಗ ಫ್ರೆಟ್ಟಿಗೆ ತಾಗುತ್ತದೆ.

ವಿದ್ಯುತ್ ಜೋಡಣೆಯಲ್ಲಿ ಯೋಚಿಸಬೇಕಾದದ್ದು ಹಂಬಕರ್ ಮತ್ತು ಸಿಂಗಲ್ ಕಾಯಿಲ್ ಒಂದೇ ಗಿಟಾರಿನಲ್ಲಿ ಇರುವುದರಿಂದ. ವಾಡಿಕೆಯಂತೆ ಸಿಂಗಲ್ ಕಾಯಿಲಿಗೆ 250 ಕಿಲೋ ಓಮ್ ಪೊಟೆನ್ಷಿಯೋಮೀಟರ್ (ತಿರುಗಿಸಿ ಬದಲಿಸಬಹುದಾದ ರೋಧಕ), ಹಂಬಕರಿಗೆ 500. ಪೊಟೆನ್ಷಿಯೋಮೀಟರಿನ ಓಮ್ ಕಡಿಮೆಯಾದಷ್ಟೂ ಎತ್ತರದ ಕಂಪನಗಳು ಹೆಚ್ಚು ಸೋರಿಹೋಗುತ್ತವೆ. ನಾನು ವಾಲ್ಯೂಮಿಗೆ 500, ಎರಡು ಸಿಂಗಲ್ ಕಾಯಿಲುಗಳ ಟೋನಿಗೆ 250, ಹಂಬಕರಿನ ಟೋನಿಗೆ 500 ಹಾಕಿದೆ. ವಾಲ್ಯೂಮೂ ಟೋನೂ ಸಮಾಂತರವಾಗಿ ಕೆಲಸ ಮಾಡುವುದರಿಂದ ಸಿಂಗಲ್ ಕಾಯಿಲಿನ ಮೇಲಿನ ಹೊರೆ ಸುಮಾರು 167 ಕಿಲೋ ಓಮ್ ಆಗುತ್ತದೆ. ಎರಡೂ 250 ಆಗಿದ್ದರೆ ಅದು 125 ಇರುತ್ತಿತ್ತು. ಕಿವಿಗೆ ಸ್ವಲ್ಪ ಹೆಚ್ಚು ಹೊಳಪು ಬಂತು, ಆದರೆ ಚುಚ್ಚುವಷ್ಟಲ್ಲ. ಹಂಬಕರ್ ಮಾತ್ರ ತನಗೆ ಬೇಕಾದ 250ರ ಹೊರೆಯಲ್ಲಿಯೇ ಉಳಿಯಿತು.

ಬೇರೆ ಬೇರೆ ತಯಾರಕರ ಪಿಕಪ್ಪುಗಳನ್ನು ಕೂಡಿಸುವವರು ಬೆಸುಗೆ ಹಾಕುವ ಮೊದಲು ಅವುಗಳ ಫೇಸ್ (ಸಂಕೇತದ ದಿಕ್ಕು) ಪರೀಕ್ಷಿಸಲೇಬೇಕು. ನಾನು ಮುಳ್ಳು ಇರುವ ಹಳೆಯ ಬಗೆಯ ಮಲ್ಟಿಮೀಟರನ್ನು ಪಿಕಪ್ಪಿನ ಎರಡು ತಂತಿಗಳಿಗೆ ಸೇರಿಸಿ, ಸ್ಕ್ರೂಡ್ರೈವರಿನ ಉಕ್ಕಿನ ತುದಿಯನ್ನು ಧ್ರುವದ ಮೇಲಿಟ್ಟು ಥಟ್ಟನೆ ಎತ್ತಿದೆ. ಎತ್ತಿದಾಗ ಮುಳ್ಳು ಒಂದು ಕಡೆಗೆ ಜಿಗಿಯುತ್ತದೆ, ಮೂರೂ ಪಿಕಪ್ಪುಗಳಲ್ಲಿ ಅದು ಒಂದೇ ಕಡೆಗೆ ಜಿಗಿಯಬೇಕು. ನನ್ನ ಹಂಬಕರ್ ಎದುರು ದಿಕ್ಕಿಗೆ ಜಿಗಿಯಿತು. ಅದರಲ್ಲಿ ಸುರುಳಿಗಳ ತಂತಿಗಳೂ ನೆಲದ (ಗ್ರೌಂಡ್) ತಂತಿಯೂ ಪ್ರತ್ಯೇಕವಾಗಿ ಹೊರಬಂದಿದ್ದರಿಂದ ಅದಲುಬದಲು ಮಾಡಿ ಸರಿಪಡಿಸಲು ಸಾಧ್ಯವಾಯಿತು. ಲೋಹದ ಜಾಲರಿಯೇ ಒಂದು ತಂತಿಯಾಗಿರುವ ಪಿಕಪ್ಪಿನಲ್ಲಿ ಹೀಗೆ ಬದಲಿಸಿದರೆ ಹೊರಕವಚವೇ ಸಿಗ್ನಲ್ ಹೊತ್ತು ಗುಂಯ್ಗುಡುತ್ತದೆ. ತಾಮ್ರದ ಟೇಪಿನಿಂದ ಕುಳಿಗಳ ಒಳಗೋಡೆಯನ್ನು ಮುಚ್ಚಿ, ಎಲ್ಲ ತುಂಡುಗಳ ನಡುವೆ ವಿದ್ಯುತ್ ಹರಿಯುತ್ತದೆಯೆಂದು ಮೀಟರಿನಿಂದ ಖಚಿತಪಡಿಸಿಕೊಂಡೆ, ಬ್ರಿಡ್ಜಿನ ಕೆಳಗಿನಿಂದ ನೆಲದ ತಂತಿಯನ್ನೂ ತಂದೆ. ಆದರೆ ತಾಮ್ರ ಎಲ್ಲ ಸದ್ದನ್ನೂ ತಡೆಯುವುದಿಲ್ಲ: ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರದಿಂದ ಸಿಂಗಲ್ ಕಾಯಿಲಿಗೆ ಬರುವ ಗುಂಯ್ ಸದ್ದು ಹೋಗುವುದು, ಸುತ್ತೂ ಧ್ರುವವೂ ತಿರುಗುಮುರುಗಾದ ಮಧ್ಯದ ಪಿಕಪ್ಪನ್ನು ಜೊತೆಗೆ ಸೇರಿಸಿದಾಗಲೇ.

ತಂತಿ ಹಾಕಿ ಶ್ರುತಿಗೆ ತಂದ ಮೇಲೆ ಹೊಂದಾಣಿಕೆಯ ಕ್ರಮ ತಪ್ಪಬಾರದು, ಏಕೆಂದರೆ ಪ್ರತಿ ಹೆಜ್ಜೆಯೂ ಹಿಂದಿನದರ ಮೇಲೆ ನಿಂತಿದೆ. ಮೊದಲ ಫ್ರೆಟ್ಟಿಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ಟನ್ನು ಒತ್ತಿ, ಎಂಟನೆಯ ಫ್ರೆಟ್ಟಿನ ಬಳಿ ಸುಮಾರು 0.25 ಮಿ.ಮೀ. ಸಂದಿ ಇರುವಂತೆ ಟ್ರಸ್ ರಾಡ್ ತಿರುಗಿಸಿದೆ. ನಂತರ ಸ್ಯಾಡಲುಗಳ ಎತ್ತರವನ್ನು ಫಿಂಗರ್‌ಬೋರ್ಡಿನ ಉಬ್ಬಿಗೆ ಹೊಂದಿಸಿದೆ. ಆಮೇಲೆ ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿದ ಸ್ವರವನ್ನು ಅಲ್ಲಿಯೇ ಮುಟ್ಟಿ ಬಿಟ್ಟ ಹಾರ್ಮೋನಿಕ್ ಸ್ವರದೊಡನೆ ಶ್ರುತಿ ತೋರಿಸುವ ಉಪಕರಣದಲ್ಲಿ ಹೋಲಿಸಿ, ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿದೆ. ಕಡೆಗೆ ಪಿಕಪ್ಪುಗಳ ಎತ್ತರ: ಸಿಂಗಲ್ ಕಾಯಿಲುಗಳ ಅಯಸ್ಕಾಂತ ತಂತಿಗೆ ತೀರ ಹತ್ತಿರವಾದರೆ ಅದು ತಂತಿಯನ್ನು ಎಳೆದು, ದಪ್ಪ ತಂತಿಯ ಮೇಲಿನ ಫ್ರೆಟ್ಟುಗಳಲ್ಲಿ ಒಂದೇ ಸ್ವರ ಎರಡಾಗಿ ತೇಲುವಂತೆ ಕೇಳಿಸುತ್ತದೆ. ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದಾಗ ಆರನೆಯ ತಂತಿಯ ಕೆಳಗೆ 2.4 ಮಿ.ಮೀ., ಮೊದಲನೆಯದರ ಕೆಳಗೆ 2 ಮಿ.ಮೀ. ಬಿಟ್ಟು ಶುರುಮಾಡಿ, ಹಂಬಕರಿನ ಸದ್ದಿಗೆ ಸರಿಹೊಂದುವವರೆಗೆ ಕಿವಿಯಿಂದಲೇ ತಿದ್ದಿದೆ.

ಹೊಸ ನೆಕ್ ತಂತಿಗಳ ಎಳೆತಕ್ಕೆ ಒಗ್ಗಿಕೊಳ್ಳುವಾಗ ಕೊಂಚ ಬಾಗುತ್ತದೆ. ಅದಕ್ಕಾಗಿ ಕೆಲವು ವಾರ ನುಡಿಸಿದ ಮೇಲೆ ನೆಕ್ಕಿನ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿದು, ಟ್ರಸ್ ರಾಡಿನಿಂದ ಆರಂಭಿಸಿ ಇದೇ ಕ್ರಮವನ್ನು ಮೊದಲಿನಿಂದ ಅನುಸರಿಸಿದೆ. ಎರಡನೆಯ ಬಾರಿ ಬದಲಿಸಬೇಕಾಗಿ ಬಂದದ್ದು ರಾಡಿನ ಕಾಲು ಸುತ್ತು, ಮತ್ತು ಮೂರನೆಯ ತಂತಿಯ ಸ್ಯಾಡಲಿನ ಸ್ಥಾನ ಮಾತ್ರ.