ಔಷಧ ತಿನ್ನದ ಇಲಿ ಎಷ್ಟು ದಿನ ಬದುಕಿತು?

ಇಲಿಗಳ ಆಯುಸ್ಸು ಹೆಚ್ಚಿಸಿದೆವು ಎಂದು ಯಾರಾದರೂ ಗ್ರಾಫ್ ತೋರಿಸಿದರೆ, ಔಷಧ ತಿಂದ ಗುಂಪನ್ನು ಆಮೇಲೆ ನೋಡಿ. ಮೊದಲು ಮಾಮೂಲಿ ಫೀಡ್ ತಿಂದ ಕಂಟ್ರೋಲ್ ಗುಂಪು ಎಷ್ಟು ದಿನ ಬದುಕಿತು ನೋಡಿ. ಸಿ57ಬಿಎಲ್/6 ತಳಿಯ ಇಲಿ ಒಳ್ಳೆಯ ಆರೈಕೆ ಸಿಕ್ಕರೆ ಸರಾಸರಿ 28ರಿಂದ 30 ತಿಂಗಳು ಬದುಕುತ್ತದೆ. ಕಂಟ್ರೋಲ್‌ನಲ್ಲೇ 22 ತಿಂಗಳಿಗೆ ಅರ್ಧ ಇಲಿಗಳು ಹೋಗಿದ್ದರೆ, ಔಷಧ ಮುಪ್ಪನ್ನು ತಡೆಯಿತೋ, ಆ ಕೋಣೆಯ ಕಾಯಿಲೆಯಿಂದ ಕಾಪಾಡಿತೋ ಗೊತ್ತಾಗುವುದಿಲ್ಲ. ಹಾಗಾಗಿ ಇಂಥ ಪ್ರಯೋಗ ನಡೆಸುವ ನಮ್ಮ ಶ್ರಮದ ಬಹುಪಾಲು ಕಂಟ್ರೋಲ್ ಇಲಿಗಳನ್ನು ಬದುಕಿಸುವುದರಲ್ಲೇ ಹೋಗುತ್ತದೆ.

ಬೆಂಗಳೂರಿನ ಹವೆ ಹಿತ ಎಂಬ ನಂಬಿಕೆಯೇ ಇಲ್ಲಿ ಮೊದಲ ಶತ್ರು. ಏಪ್ರಿಲ್ ಸೆಕೆ, ಆಗಸ್ಟ್ ತೇವ ಎರಡೂ ಇಲಿಗೆ ಆಗಿಬರುವುದಿಲ್ಲ. ಕೋಣೆ 22 ಡಿಗ್ರಿ ಆಸುಪಾಸಿನಲ್ಲಿ, ತೇವಾಂಶ ಶೇ 40–60ರಲ್ಲಿ ಇರಬೇಕು. ಮಳೆಗಾಲದಲ್ಲಿ ಎಸಿಯೊಂದೇ ಸಾಲದು, ಡಿಹ್ಯುಮಿಡಿಫೈಯರ್ ಬೇಕು. ಬೆಳಕು 12 ಗಂಟೆ, ಕತ್ತಲು 12 ಗಂಟೆ. ಕರೆಂಟ್ ಹೋದಾಗ ದೀಪ ಹಚ್ಚಿ ಆರಿಸುವ ಮುಳ್ಳಿನ ಟೈಮರ್ ನಿಂತುಬಿಡುತ್ತದೆ. ದಿನಕ್ಕೆ ಹತ್ತು ನಿಮಿಷ ಹೋದರೂ ವಾರದಲ್ಲಿ ಒಂದು ಗಂಟೆಗಿಂತ ಹೆಚ್ಚು ಹಿಂದೆ ಬೀಳುತ್ತದೆ, ಇಲಿಗಳ ಹಗಲು ಜಾರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ. ಜನರೇಟರ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಅದು ಶುರುವಾಗುವ ಆ ಕೆಲವು ಸೆಕೆಂಡುಗಳಲ್ಲೂ ಟೈಮರ್ ನಿಲ್ಲುತ್ತದೆ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ಸುಣ್ಣ ಬಾಟಲಿ ನಳಿಗೆಯ ಗುಂಡನ್ನು ಕಚ್ಚಿ ಹಿಡಿಯುತ್ತದೆ. ಒಂದೋ ಕೇಜ್ ಒದ್ದೆ, ಇಲ್ಲವೇ ಇಲಿ ಬಾಯಾರಿ ಸಾವು. ಆರ್‌ಓ ನೀರನ್ನು ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ), ಬ್ಯಾಕ್ಟೀರಿಯಾ ಬೆಳೆಯದಂತೆ ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 2.5–3ಕ್ಕೆ ತನ್ನಿ. ಬಾಟಲಿ ಸಿಕ್ಕಿಸುವ ಮುನ್ನ ತಲೆಕೆಳಗು ಮಾಡಿ ಹನಿ ಬರುತ್ತದೆಯೇ ನೋಡಿ.

ಗಂಡುಗಳ ಜಗಳ ಇನ್ನೊಂದು ಕಾಟ. ಹಾಲು ಬಿಡಿಸುವಾಗ, ಅಂದರೆ 3 ವಾರಕ್ಕೆ, ಜೊತೆ ಹಾಕಿದ ಗಂಡುಗಳನ್ನು ಮತ್ತೆ ಬೆರೆಸಲೇಬಾರದು. ಒಂದು ಸತ್ತರೆ ಉಳಿದವುಗಳ ಜೊತೆಗೆ ಹೊಸದನ್ನು ಬಿಡಬೇಡಿ. ಕೇಜಿಗೆ 3 ಗಂಡು ಅಥವಾ 4 ಹೆಣ್ಣು ಸಾಕು. ಕೇಜ್ ಬದಲಿಸುವಾಗ ಹಳೆ ಗೂಡಿನ ಸಾಮಗ್ರಿ ಸ್ವಲ್ಪ ಹೊಸದಕ್ಕೆ ಹಾಕಿ; ಮೂತ್ರ ತಾಗಿದ ಬೆಡ್ಡಿಂಗ್ (ಕೇಜಿನ ನೆಲಕ್ಕೆ ಹಾಸಿದ್ದು) ಹಾಕಬೇಡಿ, ಅದು ಜಗಳ ಹಚ್ಚುತ್ತದೆ. ಈ ತಳಿಗೆ ಚರ್ಮದ ಹುಣ್ಣೂ ಸಾಮಾನ್ಯ. ಕೆರೆದಷ್ಟೂ ದೊಡ್ಡದಾಗುತ್ತದೆ. ಹಿಂಗಾಲಿನ ಉಗುರು ಕತ್ತರಿಸುವುದು ಮುಲಾಮಿಗಿಂತ ಉಪಯೋಗಕ್ಕೆ ಬರುತ್ತದೆ. ಮುದಿ ಇಲಿಗೆ ಮೇಲಿನ ಹಾಪರ್ (ಫೀಡ್ ತುಂಬುವ ಬುಟ್ಟಿ) ಎಟುಕದಿದ್ದರೆ ಫೀಡನ್ನು ನೆಲದ ಮೇಲೆ ಇಡಿ, ಉದ್ದ ನಳಿಗೆಯ ಬಾಟಲಿ ಕೊಡಿ. ಈ ಸೌಕರ್ಯ ಎರಡೂ ಗುಂಪಿಗೆ ಒಂದೇ ನಿಯಮದಲ್ಲಿ ಸಿಗಬೇಕು.

ಈಗ ಔಷಧ. ಆಯುಸ್ಸು ಹೆಚ್ಚಿಸಬಲ್ಲ ಔಷಧಗಳನ್ನು ಪರೀಕ್ಷಿಸುವ ಅಮೆರಿಕದ ಇಂಟರ್‌ವೆನ್ಷನ್ಸ್ ಟೆಸ್ಟಿಂಗ್ ಪ್ರೋಗ್ರಾಮ್ ಒಂದೇ ಪ್ರಯೋಗವನ್ನು ಮೂರು ಕಡೆ ಮಾಡುತ್ತದೆ, ಒಂದೇ ತಳಿಗೆ ಜೋತುಬೀಳದೆ ಮಿಶ್ರ ತಳಿಯ ಇಲಿ ಬಳಸುತ್ತದೆ. 2009ರಲ್ಲಿ ಅವರು 600 ದಿನದ ಮುದಿ ಇಲಿಗಳಿಗೆ ರಾಪಮೈಸಿನ್ (ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ) ಕೊಡಲು ಶುರುಮಾಡಿದರೂ, ಶೇ 90ರಷ್ಟು ಇಲಿಗಳು ಸಾಯುವ ವಯಸ್ಸು ಹೆಣ್ಣಿನಲ್ಲಿ ಶೇ 14, ಗಂಡಿನಲ್ಲಿ ಶೇ 9 ಮುಂದೆ ಹೋಯಿತು. ಪ್ರಮಾಣ 14 ಪಿಪಿಎಂ: ಕೆಜಿ ಫೀಡ್‌ಗೆ 14 ಮಿಲಿಗ್ರಾಂ. ದಿನಕ್ಕೆ 4 ಗ್ರಾಂ ತಿನ್ನುವ 30 ಗ್ರಾಂ ಇಲಿಗೆ 56 ಮೈಕ್ರೋಗ್ರಾಂ ಸೇರುತ್ತದೆ, ಕೆಜಿ ತೂಕಕ್ಕೆ ಹೆಚ್ಚೂಕಡಿಮೆ 1.9 ಮಿಲಿಗ್ರಾಂ. ಬರೀ ಪುಡಿ ಬೆರೆಸಿದರೆ ಫೀಡ್ ತಯಾರಿಸುವಾಗಲೇ ಔಷಧದ ಬಹುಪಾಲು ಹಾಳಾಗುತ್ತದೆ. ಅದಕ್ಕೇ ಕರುಳಿನಲ್ಲಿ ಕರಗುವ ಲೇಪನ ಕೊಟ್ಟು ಬೆರೆಸುತ್ತಾರೆ. ಕಂಟ್ರೋಲ್ ಫೀಡ್‌ಗೂ ಔಷಧವಿಲ್ಲದ ಅದೇ ಲೇಪನದ ಪುಡಿ ಹೋಗಬೇಕು. ಫೀಡ್ ತಂದ ಪ್ರತಿ ಬ್ಯಾಚ್‌ನಲ್ಲೂ ಔಷಧದ ಪ್ರಮಾಣ ಅಳೆಸಿ.

ಔಷಧದ ರುಚಿ ಹಿಡಿಸದೆ ಇಲಿ ಕಡಿಮೆ ತಿಂದರೆ ಅದೇ ಆಯುಸ್ಸು ಹೆಚ್ಚಿಸಬಲ್ಲದು. ಊಟ ಕಡಿತದಿಂದ ಇಲಿಜಾತಿ ಹೆಚ್ಚು ಬದುಕುತ್ತದೆ ಎಂಬುದು 1935ರಿಂದಲೇ ಗೊತ್ತಿರುವ ಸಂಗತಿ. ಆದ್ದರಿಂದ ಹಾಪರ್‌ನ ಫೀಡನ್ನು ತೂಗಿ ಬರೆಯಿರಿ, ಕೆಳಗೆ ಉದುರಿದ ಚೂರನ್ನು ಕಳೆಯಿರಿ. ಇಲಿಗಳನ್ನು 6, 12, 18, 24ನೇ ತಿಂಗಳಲ್ಲಿ ತೂಗಿ.

ಒಂದು ಗುಂಪಿಗೆ, ಒಂದು ಲಿಂಗಕ್ಕೆ 40ಕ್ಕಿಂತ ಕಡಿಮೆ ಇಲಿ ಇಟ್ಟುಕೊಂಡು ಶೇ 10ರ ವ್ಯತ್ಯಾಸ ಹಿಡಿಯುತ್ತೇವೆ ಎನ್ನುವುದು ದುರಾಸೆ. ಗಂಡು ಹೆಣ್ಣು ಎರಡೂ ಬೇಕು: ಅಕಾರ್ಬೋಸ್ ಎಂಬ ಸಕ್ಕರೆ ಕಾಯಿಲೆಯ ಔಷಧ ಗಂಡಿನಲ್ಲಿ ಕೊಟ್ಟ ಲಾಭದ ಅಲ್ಪ ಭಾಗವನ್ನಷ್ಟೇ ಹೆಣ್ಣಿನಲ್ಲಿ ಕೊಟ್ಟಿತು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡುವ ಫಾರ್ಮ್ ಬಿಯಲ್ಲಿ (ಪ್ರಯೋಗದ ಅನುಮತಿ ಅರ್ಜಿ) ಈ ಲೆಕ್ಕವನ್ನೂ ಮೂರೂವರೆ ವರ್ಷದ ಅವಧಿಯನ್ನೂ ಮೊದಲೇ ಬರೆಯಿರಿ.

ಸಾವಿನ ತಪಾಸಣೆ ದಿನಕ್ಕೆ ಎರಡು ಸಲ, ಭಾನುವಾರವೂ, ದೀಪಾವಳಿಯಂದೂ. ಇಲಿ ತಿನ್ನದೆ, ಕುಡಿಯದೆ, ಮುಟ್ಟಿದರೂ ಮಿಸುಕದೆ ಮುದುಡಿದ್ದರೆ ಪಶುವೈದ್ಯರು ದಯಾಮರಣ ಕೊಡುತ್ತಾರೆ, ಆ ದಿನವೇ ಸಾವಿನ ದಿನ. ಆ ಇಲಿ ಕಿವಿಯ ಯಾವ ಪಂಚ್ (ತೂತಿನ) ಗುರುತಿನದು, ಯಾವ ಗುಂಪಿನದು ಎಂಬುದು ತೀರ್ಮಾನ ಮಾಡುವವರಿಗೆ ಗೊತ್ತಿರಬಾರದು. ಜಗಳದ ಗಾಯದಿಂದ ಅಥವಾ ಕೇಜ್ ಒದ್ದೆಯಾಗಿ ಹೋದದ್ದನ್ನು ಸೆನ್ಸಾರ್ ಮಾಡಬಹುದು (ಸಾವೆಂದು ಎಣಿಸದೆ, ಆ ದಿನದವರೆಗೆ ಬದುಕಿತ್ತು ಎಂದಷ್ಟೇ ಲೆಕ್ಕಕ್ಕೆ ಹಿಡಿಯುವುದು), ಆದರೆ ಆ ನಿಯಮ ಮೊದಲ ಸಾವಿಗೆ ಮುಂಚೆಯೇ ಬರೆದಿಟ್ಟಿರಬೇಕು. ಸತ್ತ ಇಲಿಯನ್ನು ಫ್ರೀಜರಿಗೆ ಹಾಕಬೇಡಿ, ಮಂಜು ಅಂಗಾಂಶವನ್ನು ಸೀಳುತ್ತದೆ. 4 ಡಿಗ್ರಿಯಲ್ಲಿಟ್ಟು, ಹೊಟ್ಟೆ ಸೀಳಿ, ದೇಹದ ಹತ್ತು ಪಟ್ಟು ಶೇ 10ರ ಫಾರ್ಮಲಿನ್‌ಗೆ (ಅಂಗಾಂಶ ಕೊಳೆಯದಂತೆ ಕಾಯುವ ದ್ರಾವಣ) ಹಾಕಿ. ರಾತ್ರಿ ಸತ್ತದ್ದು ಬೆಳಿಗ್ಗೆ ಸಿಗುವಷ್ಟರಲ್ಲಿ ಕರುಳು ಕರಗಿರುತ್ತದೆ, ಲಿಂಫೋಮಾ (ದುಗ್ಧರಸ ಅಂಗಾಂಶದ ಕ್ಯಾನ್ಸರ್) ಮಾತ್ರ ಇನ್ನೂ ಗುರುತಿಗೆ ಸಿಗುತ್ತದೆ.