ಬೊಜ್ಜು ಮತ್ತು ರಕ್ತ ಪರೀಕ್ಷೆ: ವರದಿ ಓದುವುದು ಹೇಗೆ?

ದಾವಣಗೆರೆಯಲ್ಲಿ ನಲವತ್ತು ದಾಟಿದವರ ಹೊಟ್ಟೆಯ ಮಾತು ಬಂದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ‘ನಮ್ಮ ವಂಶವೇ ಹಾಗೆ’, ಇಲ್ಲವೇ ‘ಶುಗರ್ ನಾರ್ಮಲ್ ಇದೆಯಲ್ಲ, ಮತ್ತೇನು?’. ಲ್ಯಾಬಿನವರು ಕೊಟ್ಟ ವರದಿಯಲ್ಲಿ ಶುಗರ್ ಸಾಲು ನೋಡಿ ಮಡಚಿಡುವವರೇ ಹೆಚ್ಚು. ಬೊಜ್ಜು ಒಳಗೆ ಏನು ಮಾಡುತ್ತಿದೆ ಎಂಬುದನ್ನು ಉಳಿದ ಸಾಲುಗಳು ಹೇಳುತ್ತವೆ.

ಮೊದಲು ಟೇಪು ಹಿಡಿಯಿರಿ

ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪನ್ನು ಸುತ್ತಿ, ಉಸಿರು ಬಿಟ್ಟ ಮೇಲೆ ಅಳತೆ ಬರೆದುಕೊಳ್ಳಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಭಾರತೀಯರ ಗಡಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ. ಅದು ಹೊಟ್ಟೆಯ ಕೆಳಗೆ ನಿಲ್ಲುತ್ತದೆ.

ಹಿಂದಿನ ರಾತ್ರಿ

ರಾತ್ರಿ ಎಂಟರೊಳಗೆ ಹಗುರವಾಗಿ ಊಟ ಮುಗಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ನೀರು ಕುಡಿಯಬಹುದು, ಕಾಫಿ, ಚಹಾ ಬೇಡ. ಹಿಂದಿನ ಸಂಜೆಯ ಮಿರ್ಚಿ ಮಂಡಕ್ಕಿ, ಬೆಣ್ಣೆ ದೋಸೆ, ಮದ್ಯ ಮೂರೂ ಟ್ರೈಗ್ಲಿಸರೈಡನ್ನು (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರಿಸಿ ದಾರಿ ತಪ್ಪಿಸಬಹುದು. ಜ್ವರ, ನೆಗಡಿ ಇದ್ದರೆ ಪರೀಕ್ಷೆಯನ್ನು ಮುಂದೂಡಿ.

ಏನು ಕೇಳಬೇಕು?

ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಶುಗರಿನ ಸರಾಸರಿ), ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬುಗಳ ಲೆಕ್ಕ), ಯಕೃತ್ತಿನ ಎಸ್‌ಜಿಪಿಟಿ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್. ಆರಂಭಕ್ಕೆ ಇಷ್ಟು ಸಾಕು. ದೊಡ್ಡ ‘ಪ್ಯಾಕೇಜ್’ ಕೊಳ್ಳುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಓದುವ ಬಗೆ

ನಾನಾದರೆ ಲಿಪಿಡ್ ಪ್ರೊಫೈಲಿನಿಂದ ಆರಂಭಿಸುತ್ತೇನೆ, ಅದರಲ್ಲೂ ಒಟ್ಟು ಕೊಲೆಸ್ಟ್ರಾಲ್ ಬಿಟ್ಟು ಬೇರೆ ಎರಡು ಸಾಲುಗಳಿಂದ. ಟ್ರೈಗ್ಲಿಸರೈಡ್ 150 ಅಥವಾ ಅದಕ್ಕಿಂತ ಹೆಚ್ಚು, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ: ಈ ಜೋಡಿ ಹೊಟ್ಟೆಯ ಬೊಜ್ಜಿನ ಅಚ್ಚುಮೆಚ್ಚಿನ ಸಹಿ. ಟ್ರೈಗ್ಲಿಸರೈಡ್ ವಿಪರೀತ ಏರಿದವರ ರಕ್ತವನ್ನು ಲ್ಯಾಬಿನ ಯಂತ್ರದಲ್ಲಿ ತಿರುಗಿಸಿ ನೋಡಿದರೆ, ತಿಳಿ ಹಳದಿ ಇರಬೇಕಾದ ಮೇಲಿನ ದ್ರವ ಮಜ್ಜಿಗೆಯಂತೆ ಬೆಳ್ಳಗಿರುತ್ತದೆ. ‘ಎಣ್ಣೆ ಬಿಟ್ಟಿದ್ದೇನಲ್ಲ’ ಎನ್ನುವವರು ತಟ್ಟೆಯಲ್ಲಿನ ಅನ್ನದ ರಾಶಿಯನ್ನೂ ನೋಡಿಕೊಳ್ಳಬೇಕು. ದೇಹಕ್ಕೆ ಬೇಡವಾದಷ್ಟು ಅನ್ನ, ಮೈದಾ, ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ಎಸ್‌ಜಿಪಿಟಿ ಏರಿದ್ದರೆ ಅಲ್ಲೇ ಕೊಬ್ಬು ಕುಳಿತಿರುವ ಸಾಧ್ಯತೆ ಇದೆ. ಆದರೆ ಅದು ಸರಿಯಿದ್ದ ಮಾತ್ರಕ್ಕೆ ಫ್ಯಾಟಿ ಲಿವರ್ ಇಲ್ಲವೆಂದಲ್ಲ.

ಫಾಸ್ಟಿಂಗ್ ಶುಗರ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಸುಳ್ಳಾಗಿ ಹೆಚ್ಚು ತೋರಬಹುದು. ನಮ್ಮ ಕಡೆ ರಕ್ತಹೀನತೆ ಇರುವ ಹೆಣ್ಣುಮಕ್ಕಳು ಬಹಳ. ಅವರು ಹಿಮೋಗ್ಲೋಬಿನ್ ವರದಿಯನ್ನೂ ಜೊತೆಗಿಟ್ಟೇ ಓದಿಸಬೇಕು.

ಇನ್ನು ‘ಶುಗರ್ ನಾರ್ಮಲ್’ ಎಂಬ ಸಮಾಧಾನ. ವೈದ್ಯರು ಫಾಸ್ಟಿಂಗ್ ಇನ್ಸುಲಿನ್ ಬರೆದುಕೊಟ್ಟಿದ್ದರೆ ಅದನ್ನು ಶುಗರಿನಿಂದ ಗುಣಿಸಿ 405ರಿಂದ ಭಾಗಿಸಿ. ಶುಗರ್ 98, ಇನ್ಸುಲಿನ್ 18 ಎಂದಿಟ್ಟುಕೊಳ್ಳಿ, ಉತ್ತರ 4.4ರ ಹತ್ತಿರ. ಸಾಮಾನ್ಯವಾಗಿ 2.5ರ ಆಚೆ ಹೋದರೆ ಇನ್ಸುಲಿನ್ ಪ್ರತಿರೋಧವನ್ನು, ಅಂದರೆ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದನ್ನು, ಶಂಕಿಸುತ್ತಾರೆ. ಶುಗರ್ ಹದ್ದಿನಲ್ಲಿರುವುದು ಮೇದೋಜೀರಕ ಗ್ರಂಥಿ ಮೈಮುರಿದು ದುಡಿಯುತ್ತಿರುವುದರಿಂದ ಎಂದರ್ಥ.

ಸೊಂಟ, ಟ್ರೈಗ್ಲಿಸರೈಡ್, ಎಚ್‌ಡಿಎಲ್, ಫಾಸ್ಟಿಂಗ್ ಶುಗರ್, ರಕ್ತದೊತ್ತಡ (130/85) ಈ ಐದರಲ್ಲಿ ಮೂರು ಗಡಿ ಮೀರಿದ್ದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ನೋವಿಲ್ಲವೆಂದು ಸುಮ್ಮನಿರದೆ ವೈದ್ಯರನ್ನು ಕಾಣಿ.

ವಂಶದ ಮಾತು

ಇದರಲ್ಲಿ ಸತ್ಯ ಇಲ್ಲದಿಲ್ಲ. 2007ರಲ್ಲಿ ಎಫ್‌ಟಿಒ ಎಂಬ ಜೀನಿಗೂ ತೂಕಕ್ಕೂ ಇರುವ ನಂಟು ಗೊತ್ತಾಯಿತು. ಅದರ ಅಪಾಯದ ರೂಪವನ್ನು ತಂದೆ, ತಾಯಿ ಇಬ್ಬರಿಂದಲೂ ಪಡೆದ ಯುರೋಪಿನ ವಯಸ್ಕರು ಅದಿಲ್ಲದವರಿಗಿಂತ ಸರಾಸರಿ ಸುಮಾರು 3 ಕಿಲೊ ಹೆಚ್ಚು ತೂಗುತ್ತಿದ್ದರು. ಮೂರೇ ಕಿಲೊ! ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಜಾಲಾಡಿದ 2011ರ ವಿಶ್ಲೇಷಣೆಯಲ್ಲಿ, ದೈಹಿಕವಾಗಿ ಚಟುವಟಿಕೆಯಿಂದಿರುವವರಲ್ಲಿ ಬೊಜ್ಜಿನ ಮೇಲೆ ಈ ಜೀನಿನ ಪ್ರಭಾವ ಶೇ 27ರಷ್ಟು ತಗ್ಗಿತ್ತು. ಕುಂದವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಬೀಸುಹೆಜ್ಜೆ ಹಾಕುವವರು ಹುಟ್ಟಿನ ಬಳುವಳಿಯನ್ನೂ ಸ್ವಲ್ಪ ಮಣಿಸುತ್ತಿದ್ದಾರೆ.

ಎಂಸಿ4ಆರ್‌ನಂಥ ಒಂದೇ ಜೀನಿನ ದೋಷದಿಂದ ವಿಪರೀತ ಬೊಜ್ಜು ಬರುವುದುಂಟು. ಅದು ಅಪರೂಪ, ಹೆಚ್ಚಾಗಿ ಚಿಕ್ಕ ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತದೆ. ಮಗುವಿನ ಹಸಿವು ಎಷ್ಟು ಉಣಿಸಿದರೂ ತಣಿಯದಿದ್ದರೆ, ತೂಕ ಏರುತ್ತಲೇ ಇದ್ದರೆ ತಜ್ಞರಿಗೆ ತೋರಿಸಿ. ಆದರೆ ನಡುವಯಸ್ಸಿನಲ್ಲಿ ಹೊಟ್ಟೆ ಬಂದವರು ಮೊಬೈಲಿನಲ್ಲಿ ಜಾಹೀರಾತು ಕಂಡು ಸಾವಿರಾರು ರೂಪಾಯಿ ತೆತ್ತು ಜೀನ್ ಪರೀಕ್ಷೆ ಮಾಡಿಸುವುದು ಬೇಡವೆಂದೇ ನನ್ನ ಅಭಿಪ್ರಾಯ. ಫಲಿತಾಂಶ ಏನೇ ಬರಲಿ, ವೈದ್ಯರು ಹೇಳುವ ಊಟ, ನಡಿಗೆ ಬದಲಾಗುವುದಿಲ್ಲ. 1994ರಲ್ಲಿ ಪತ್ತೆಯಾದ, ಹಸಿವು ತಗ್ಗಿಸುವ ಲೆಪ್ಟಿನ್ ಹಾರ್ಮೋನಿನ ಪರೀಕ್ಷೆಯೂ ಹಾಗೆಯೇ: ಬೊಜ್ಜಿದ್ದವರಲ್ಲಿ ಅದು ಹೆಚ್ಚೇ ಇರುತ್ತದೆ, ಮಿದುಳು ಮಾತ್ರ ಅದರ ಮಾತು ಕೇಳುವುದನ್ನು ಬಿಟ್ಟಿರುತ್ತದೆ.

ಮತ್ತೆ ಯಾವಾಗ?

ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು. ಆ ಕಣದ ಆಯಸ್ಸು ಸುಮಾರು 120 ದಿನ. ಆದ್ದರಿಂದ ಎಚ್‌ಬಿಎ1ಸಿಯನ್ನು ಮೂರು ತಿಂಗಳು ಬಿಟ್ಟು, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ. ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿಡಿ, ಪ್ರತಿಯೊಂದರ ಮೇಲೆ ಆ ದಿನದ ಸೊಂಟದ ಅಳತೆಯನ್ನು ಪೆನ್ನಿನಲ್ಲಿ ಬರೆದಿಡಿ.