ನೈಟ್ರೊ ಟ್ರಕ್ ತೊಳೆಯೋ ಮುಂಚೆ ಕೊಳೆ ನೋಡಿ

ರಿಮೋಟ್‌ನಲ್ಲಿ ಓಡಿಸುವ ಆಟದ ಗಾಡಿಗಳಲ್ಲಿ ಬ್ಯಾಟರಿ ಟ್ರಕ್ಕಿಗೆ ಹತ್ತುವುದು ಬರೀ ಧೂಳು. ಬ್ರಷ್ ಆಡಿಸಿದರೆ ಹೋಯಿತು. ನೈಟ್ರೊ, ಅಂದರೆ ಫ್ಯೂಯೆಲ್ ಉರಿಸಿ ಓಡುವ ಟ್ರಕ್ಕಿನ ಕಥೆ ಬೇರೆ. ಈ ಪುಟ್ಟ ಟು-ಸ್ಟ್ರೋಕ್ ಇಂಜಿನ್ನಿಗೆ ಬೇರೆ ಇಂಜಿನ್ ಆಯಿಲ್ ಅಂತ ಹಾಕುವುದಿಲ್ಲ. ಫ್ಯೂಯೆಲ್‌ನಲ್ಲೇ ಮೆಥನಾಲ್, ನೈಟ್ರೊಮೀಥೇನ್ ಜೊತೆಗೆ ಎಣ್ಣೆ ಬೆರೆಸಿರುತ್ತಾರೆ. ಹರಳೆಣ್ಣೆ ಇರಬಹುದು, ಸಿಂಥೆಟಿಕ್ ಇರಬಹುದು, ಎರಡೂ ಇರಬಹುದು. ಆ ಎಣ್ಣೆ ಪೂರ್ತಿ ಉರಿಯುವುದಿಲ್ಲ. ಸೈಲೆನ್ಸರ್‌ನಿಂದ ಹೊರಗೆ ಬಂದು ಚಾಸಿ ಮೇಲೆಲ್ಲ ಕೂರುತ್ತದೆ. ಅದಕ್ಕೆ ನಮ್ಮ ಬೆಂಗಳೂರಿನ ಕೆಮ್ಮಣ್ಣು ಸೇರಿದರೆ, ಕಲಸಿದ ಹಿಟ್ಟಿನ ಹಾಗೆ ಮೂಲೆಮೂಲೆಗೂ ಮೆತ್ತಿಕೊಳ್ಳುತ್ತದೆ.

ನನ್ನದು 1/10 ಅಳತೆಯ ಮಾನ್‌ಸ್ಟರ್ ಟ್ರಕ್. .18 ಇಂಜಿನ್, ಅಂದರೆ 0.18 ಘನ ಇಂಚು, ಮೂರು ಸಿಸಿಗೂ ಸ್ವಲ್ಪ ಕಡಿಮೆ. ಯಲಹಂಕದ ಆಚೆ ಇನ್ನೂ ಮನೆ ಏಳದ ಲೇಔಟ್‌ಗಳಲ್ಲಿ ಓಡಿಸುತ್ತೇನೆ. ಮನೆಗೆ ತಂದ ಮೇಲೆ ತಕ್ಷಣ ಬ್ರಷ್ ಹಿಡಿಯುವುದಿಲ್ಲ. ಮೊದಲು ಬಾಡಿ ತೆಗೆದು, ಟಾರ್ಚ್ ಹಾಕಿಕೊಂಡು ಸುಮ್ನೆ ನೋಡುತ್ತೇನೆ. ಗಾಡಿ ಎಲ್ಲಿ ಕೆಟ್ಟಿದೆ ಅನ್ನೋದು ಆ ಕೊಳೆಯಲ್ಲೇ ಇರುತ್ತದೆ. ಒರೆಸಿಬಿಟ್ಟರೆ ಅದೂ ಹೋಯಿತು.

ಏನು ನೋಡಬೇಕು? ಇಂಜಿನ್ನಿನಿಂದ ಬರುವ ಪೈಪು ಸೈಲೆನ್ಸರ್ ಸೇರುವ ಕಡೆ ಒಂದು ರಬ್ಬರ್ ಜಾಯಿಂಟ್ ಇರುತ್ತದೆ. ಅದರ ಸುತ್ತ ಕಪ್ಪಗೆ, ಹಸಿಹಸಿಯಾಗಿ ಎಣ್ಣೆ ಚಿಮ್ಮಿದ್ದರೆ ರಬ್ಬರ್ ಸೀಳಿದೆ ಅಥವಾ ಸಡಿಲವಾಗಿದೆ. ಇಂಜಿನ್ನಿನ ಹಿಂದಿನ ಪ್ಲೇಟ್ ಸುತ್ತ ಮಣ್ಣು ದಪ್ಪಗೆ ಕಟ್ಟಿದ್ದರೆ ಅಲ್ಲಿಂದ ಒಸರುತ್ತಿದೆ. ಫ್ಯೂಯೆಲ್ ಪೈಪಿನ ವಿಷಯ ಮಾತ್ರ ಉಲ್ಟಾ. ಸುತ್ತಲೂ ಕೊಳೆ ಇದ್ದು, ಟ್ಯಾಂಕ್ ಪಕ್ಕದಲ್ಲಿ ಒಂದು ಗೆರೆ ಮಾತ್ರ ತೊಳೆದಷ್ಟು ಚೊಕ್ಕಟವಾಗಿದ್ದರೆ ಅನುಮಾನ ಪಡಿ. ಪೈಪಿನಲ್ಲಿ ಸಣ್ಣ ತೂತಾಗಿ, ಸೋರಿದ ಮೆಥನಾಲ್ ಆ ಜಾಗದ ಎಣ್ಣೆಯನ್ನು ತೊಳೆದುಕೊಂಡು ಹೋಗಿರುತ್ತದೆ.

ಸ್ಕ್ರೂಗಳನ್ನೂ ಹೀಗೇ ನೋಡುತ್ತೇನೆ. ಬಿಗಿಯಾಗಿರುವ ಸ್ಕ್ರೂ ತಲೆಯ ಮೇಲೂ ಸುತ್ತಲೂ ಮಣ್ಣು ಒಂದೇ ಪದರವಾಗಿ ಕೂತಿರುತ್ತದೆ. ಸಡಿಲವಾದದ್ದರ ಸುತ್ತ ಆ ಪದರದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣುತ್ತದೆ. ಓಡುವಾಗ ಸ್ಕ್ರೂ ಅಲ್ಲಾಡಿದೆ, ಮಣ್ಣು ಸೀಳಿದೆ, ಅಷ್ಟೇ. ಅಂಥ ಕಡೆಗಳನ್ನು ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳುತ್ತೇನೆ. ಇಂಜಿನ್ ಮೌಂಟ್‌ನ ಸ್ಕ್ರೂ ಬಿಗಿ ಕಳೆದುಕೊಂಡರೆ ಗೇರ್ ಹಲ್ಲುಗಳ ನಡುವಿನ ಅಂತರ ತಪ್ಪಿ, ದೊಡ್ಡ ಪ್ಲಾಸ್ಟಿಕ್ ಗೇರ್ ನಿಮಿಷದಲ್ಲಿ ಸವೆದುಹೋಗುತ್ತದೆ.

ಇಡೀ ಚಾಸಿ ಎಣ್ಣೆಯಲ್ಲಿ ತೊಯ್ದು ತೊಪ್ಪೆಯಾಗಿದ್ದರೆ ಇಂಜಿನ್ ರಿಚ್ ಆಗಿ ಓಡುತ್ತಿದೆ ಅಂತ ಅರ್ಥ. ಒಳಗೆ ಹೋಗುವ ಗಾಳಿಗೆ ಬೇಕಾದದ್ದಕ್ಕಿಂತ ಫ್ಯೂಯೆಲ್ ಜಾಸ್ತಿ ಹೋಗುತ್ತಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ಗಾಳಿ ತೆಳು. ಮಂಗಳೂರಲ್ಲೋ ಚೆನ್ನೈಯಲ್ಲೋ ಸರಿಯಾಗಿ ಕೂರಿಸಿದ ನೀಡಲ್ (ಫ್ಯೂಯೆಲ್ ಎಷ್ಟು ಹೋಗಬೇಕು ಅಂತ ಹಿಡಿಯುವ ಕಾರ್ಬ್ಯುರೇಟರ್ ಸ್ಕ್ರೂ) ಇಲ್ಲಿಗೆ ರಿಚ್ ಆಗುತ್ತದೆ. ಹಾಗಂತ ಒಂದೇ ಸಲ ತಿರುಗಿಸಿಬಿಡಬೇಡಿ. ನೀಡಲ್ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಪ್ರತಿ ಸಲವೂ ಓಡಿಸಿ ನೋಡಬೇಕು. ಸೈಲೆನ್ಸರ್‌ನಿಂದ ಬಿಳಿ ಹೊಗೆ ಕಾಣುತ್ತಲೇ ಇರಬೇಕು. ಲೀನ್ ಆದರೆ, ಅಂದರೆ ಫ್ಯೂಯೆಲ್ ಕಡಿಮೆಯಾದರೆ, ಇಂಜಿನ್ ಕಾದು ಹಾಳಾಗುತ್ತದೆ. ಗಾಡಿ ಸ್ವಲ್ಪ ಕೊಳೆಯಾದರೂ ಪರವಾಗಿಲ್ಲ, ಇಂಜಿನ್ ಉಳಿಯಬೇಕು ಅಲ್ವಾ.

ಇನ್ನು ಕೆಲಸಕ್ಕೆ ಬರೋಣ. ಇಂಜಿನ್ನಿನ ಕೆಲಸ ಮೈದಾನದಲ್ಲೇ ಮುಗಿಯಬೇಕು, ಮನೆಗೆ ಬರುವವರೆಗೂ ಬಿಡಬಾರದು. ಟ್ಯಾಂಕ್ ಖಾಲಿ ಮಾಡಿ, ಪೈಪಿನಲ್ಲಿ ಉಳಿದದ್ದು ತಾನಾಗಿ ಮುಗಿದು ಇಂಜಿನ್ ನಿಲ್ಲುವ ತನಕ ಐಡಲ್‌ನಲ್ಲಿ ಬಿಡುತ್ತೇನೆ. ಆರಿದ ಮೇಲೆ ಗ್ಲೋ ಪ್ಲಗ್ (ಫ್ಯೂಯೆಲ್ ಹೊತ್ತಿಸುವ ಪ್ಲಗ್) ಬಿಚ್ಚಿ, ಆ ತೂತಿಗೂ ಕಾರ್ಬ್ಯುರೇಟರ್ ಬಾಯಿಗೂ ಆಫ್ಟರ್-ರನ್ ಆಯಿಲ್ (ತುಕ್ಕು ತಡೆಯುವ ಎಣ್ಣೆ) ನಾಲ್ಕೈದು ಹನಿ ಬಿಟ್ಟು, ಸ್ಟಾರ್ಟ್ ಮಾಡುವ ಹಗ್ಗ ಮೆಲ್ಲಗೆ ಕೆಲವು ಸಲ ಎಳೆಯುತ್ತೇನೆ. ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅದು ಒಳಗೆ ಉಳಿದರೆ ಮೊದಲು ತುಕ್ಕು ಹಿಡಿಯುವುದು ಕ್ರ್ಯಾಂಕ್‌ನ ಬೇರಿಂಗ್.

ಮನೆಯಲ್ಲಿ ತೊಳೆಯಲು ನಾನು ಬಳಸುವುದು ಐಸೊಪ್ರೊಪೈಲ್ ಆಲ್ಕೊಹಾಲ್. ಸ್ಪ್ರೇ ಬಾಟಲಿ, ಒಂದು ಇಂಚಿನ ಪೇಂಟ್ ಬ್ರಷ್, ಹಳೆ ಟೂತ್ ಬ್ರಷ್, ಹರಿದ ಬನಿಯನ್ ಬಟ್ಟೆ, ಕೆಳಗೆ ಹಾಸಲು ನ್ಯೂಸ್ ಪೇಪರ್. ಜಾಗ ಟೆರೇಸೇ ಆಗಬೇಕು. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುತ್ತದೆ, ಅಡುಗೆಮನೆ ಹತ್ತಿರವೂ ಬೇಡ. ಕೈಗೆ ಗ್ಲೌಸ್ ಹಾಕಿ. ಫ್ಯೂಯೆಲ್‌ನಲ್ಲಿರುವ ಮೆಥನಾಲ್ ವಿಷ, ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಮಕ್ಕಳು ಪಕ್ಕದಲ್ಲಿ ನಿಂತು ನೋಡಲಿ, ಮುಟ್ಟುವುದು ಬೇಡ.

ಬ್ರಷ್ ಹಿಡಿಯುವ ಮುಂಚೆ ರಿಸೀವರ್‌ನ (ರಿಮೋಟ್ ಸಿಗ್ನಲ್ ಹಿಡಿಯುವ ಭಾಗ) ಬ್ಯಾಟರಿ ತೆಗೆದು, ಕಾರ್ಬ್ಯುರೇಟರ್ ಬಾಯಿಗೂ ಸೈಲೆನ್ಸರ್ ತುದಿಗೂ ಬಟ್ಟೆ ತುರುಕುತ್ತೇನೆ. ಒಣಗಿದ ಮಣ್ಣನ್ನು ಮೊದಲು ಒಣಗಿದ ಹಾಗೇ ಉದುರಿಸಬೇಕು. ಆಮೇಲೆ ಗಾಡಿಯನ್ನು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ ಸ್ಪ್ರೇ ಮಾಡುತ್ತಾ ಬ್ರಷ್ ಆಡಿಸಿದರೆ ಕೆಂಪು ಎಣ್ಣೆ ಪೇಪರ್ ಮೇಲೆ ಇಳಿಯುತ್ತದೆ. ಸರ್ವೊ (ಸ್ಟೀರಿಂಗ್, ಥ್ರಾಟಲ್ ಆಡಿಸುವ ಪುಟ್ಟ ಮೋಟರ್) ಮತ್ತು ರಿಸೀವರ್ ಡಬ್ಬಿಯ ಮೇಲೆ ಸ್ಪ್ರೇ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬ್ರೇಕ್ ಕ್ಲೀನರ್ ಸ್ಪ್ರೇ ಜಿಡ್ಡನ್ನು ಚೆನ್ನಾಗಿ ತೆಗೆಯುತ್ತದೆ, ಆದರೆ ನಾನು ಅದನ್ನು ಬಿಚ್ಚಿಟ್ಟ ಕ್ಲಚ್ ಬೆಲ್ (ಕ್ಲಚ್ಚಿನ ಹೊರಗಿನ ಬಟ್ಟಲು), ಬ್ರೇಕ್ ಡಿಸ್ಕ್‌ನಂಥ ಲೋಹದ ಭಾಗಗಳಿಗೆ ಮಾತ್ರ ಇಟ್ಟಿದ್ದೇನೆ. ಪಾರದರ್ಶಕ ಬಾಡಿಯ ಮೇಲೆ ಬಿದ್ದರೆ ಬಾಡಿ ಮಂಕಾಗುತ್ತದೆ, ಬಿರುಕೂ ಬಿಡಬಹುದು.

ಹೋಸ್ ಪೈಪ್ ಹಿಡಿಯುವವರೂ ಇದ್ದಾರೆ. ನಾನು ಹಿಡಿಯುವುದಿಲ್ಲ. ನೀರು ಬೇರಿಂಗ್‌ಗಳ ಒಳಗೆ ಹೋಗುತ್ತದೆ, ಟೈರ್ ಒಳಗಿನ ಫೋಮ್ ನೀರು ಕುಡಿದು ಚಕ್ರದ ಬ್ಯಾಲೆನ್ಸ್ ತಪ್ಪುತ್ತದೆ. ನಮ್ಮ ಬೋರ್‌ವೆಲ್ ನೀರು ಬಿಳಿ ಕಲೆ ಬೇರೆ ಬಿಡುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ನೆನಪಿರಬೇಕಲ್ಲ. ಟ್ಯಾಂಕರ್‌ಗೆ ಕಾದು ನಿಂತ ಊರಿದು. ಈ ಕೆಲಸಕ್ಕೆ ಒಂದು ಮಗ್ ನೀರು ಸಾಕು, ಅದೂ ಏರ್ ಫಿಲ್ಟರ್‌ಗೆ.

ಏರ್ ಫಿಲ್ಟರ್ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಈ ಇಂಜಿನ್ನಿನಲ್ಲಿ ಪಿಸ್ಟನ್‌ಗೆ ರಿಂಗ್ ಇಲ್ಲ. ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಸ್ಲೀವ್, ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ, ಪಿಸ್ಟನ್ ಅಲ್ಲಿ ಬಿಗಿಯಾಗಿ ಕೂತಾಗಲೇ ಕಂಪ್ರೆಷನ್. ಕೆಮ್ಮಣ್ಣಿನ ನುಣುಪು ಧೂಳು ಒಳಗೆ ಹೋದರೆ ಎಣ್ಣೆಯ ಜೊತೆ ಸೇರಿ ಆ ಬಿಗಿಯನ್ನೇ ಉಜ್ಜಿ ತೆಗೆದುಬಿಡುತ್ತದೆ. ಆಮೇಲೆ ಪಿಸ್ಟನ್, ಸ್ಲೀವ್ ಎರಡೂ ಹೊಸದೇ ಹಾಕಬೇಕು. ಅದನ್ನು ತಡೆಯುವುದು ಒಂದು ತುಂಡು ಫೋಮ್.

ಫೋಮನ್ನು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಅದ್ದಿ ಅಂಗೈಯಲ್ಲಿ ಒತ್ತುತ್ತೇನೆ. ಹಿಂಡಿ ತಿರುಚಬೇಡಿ, ಫೋಮ್ ಜೋಡಿಸಿದ ಅಂಟು ಬಿಟ್ಟುಹೋಗುತ್ತದೆ. ಮೊದಲ ನೀರು ಇಟ್ಟಿಗೆ ಬಣ್ಣಕ್ಕೆ ಬರುತ್ತದೆ, ತಿಳಿಯಾಗುವ ತನಕ ಬದಲಿಸಬೇಕು. ನೆರಳಲ್ಲಿ ಪೂರ್ತಿ ಒಣಗಿಸಿ, ಸಣ್ಣ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಫಿಲ್ಟರ್ ಆಯಿಲ್ ಬಿಟ್ಟು, ಹೊರಗಿನಿಂದ ಹಿಸುಕುತ್ತೇನೆ. ಫೋಮಿನ ಬಣ್ಣ ಎಲ್ಲ ಕಡೆ ಒಂದೇ ಸಮ ಆದರೆ ಎಣ್ಣೆ ಹಿಡಿದಿದೆ. ಜಾಸ್ತಿಯಾದದ್ದನ್ನು ಟಿಶ್ಯೂನಲ್ಲಿ ಒತ್ತಿ ತೆಗೆಯಬೇಕು. ಕೂರಿಸುವಾಗ ಫಿಲ್ಟರ್ ಕುತ್ತಿಗೆಯ ಒಳಗೆ ತೆಳ್ಳಗೆ ಗ್ರೀಸ್ ಸವರಿ, ಮೇಲೆ ಜಿಪ್ ಟೈ ಬಿಗಿಯುತ್ತೇನೆ. ಫೋಮ್ ಎಷ್ಟೇ ಚೆನ್ನಾಗಿದ್ದರೂ ಕುತ್ತಿಗೆಯಲ್ಲಿ ಸಂದಿ ಇದ್ದರೆ ಧೂಳು ಅಲ್ಲಿಂದಲೇ ನುಗ್ಗುತ್ತದೆ. ಓಡಿಸಲು ಹೋಗುವಾಗ ಎಣ್ಣೆ ಹಾಕಿದ ಇನ್ನೊಂದು ಫೋಮ್ ಜೊತೆಗಿರಲಿ.

ಗಾಡಿ ಚೊಕ್ಕಟವಾದ ಮೇಲೆ ಗುರುತು ಮಾಡಿಕೊಂಡ ಕಡೆಗಳಿಗೆ ವಾಪಸ್ ಬರುತ್ತೇನೆ. ಲೋಹಕ್ಕೆ ಲೋಹ ಕೂರುವ ಸ್ಕ್ರೂಗೆ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಪ್ಲಾಸ್ಟಿಕ್‌ಗೆ ಕೂರುವುದಕ್ಕೆ ಬೇಡವೇ ಬೇಡ, ಪ್ಲಾಸ್ಟಿಕ್ ಸೀಳಬಹುದು. ಚಕ್ರದ ಬೇರಿಂಗನ್ನು ಬೆರಳ ತುದಿಗೆ ಸಿಕ್ಕಿಸಿ ತಿರುಗಿಸಿದರೆ ಮರಳಿನ ಕಿರಕಿರಿ ಕೈಗೇ ಗೊತ್ತಾಗುತ್ತದೆ. ಸೀಲ್ ಎತ್ತಿ ಆಲ್ಕೊಹಾಲ್‌ನಲ್ಲಿ ತೊಳೆದು, ತೆಳು ಎಣ್ಣೆ ಬಿಟ್ಟ ಮೇಲೂ ಕಿರಕಿರಿ ಹೋಗದಿದ್ದರೆ ಬದಲಿಸುವುದೇ. ಎಸ್‌ಜೆಪಿ ರೋಡ್ ಕಡೆ ಬೇರಿಂಗ್ ಅಂಗಡಿಯಲ್ಲಿ "ಆಟದ ಗಾಡಿಗೆ ಬೇಕಿತ್ತು" ಅಂದರೆ "ಗಾಡಿ ಯಾವುದಾದ್ರೂ ಇರಲಿ ಸಾರ್, ನಂಬರ್ ಹೇಳಿ" ಅನ್ನುತ್ತಾರೆ. ನನ್ನ ಕ್ಲಚ್ ಬೆಲ್‌ನದು 5×11×4 ಮಿಲಿಮೀಟರ್, ಎಂಆರ್115. ನಿಮ್ಮ ಗಾಡಿಯದನ್ನು ಅಳೆದು ಬರೆದಿಟ್ಟುಕೊಳ್ಳಿ. ಕ್ಲಚ್ ಬೆಲ್ ಬೇರಿಂಗ್ ಬಿಸಿಯಲ್ಲಿ, ಧೂಳಲ್ಲಿ ದುಡಿಯುತ್ತದೆ, ಬೇಗ ಹೋಗುತ್ತದೆ. ಅದು ಪುಡಿಯಾದರೆ ಚೂರುಗಳು ಸುತ್ತಲಿನ ಭಾಗಗಳನ್ನೂ ಹಾಳು ಮಾಡುತ್ತವೆ.

ಮಳೆಗಾಲಕ್ಕೆ ಎತ್ತಿಡುವಾಗ ಒಂದು ಕೆಲಸ ಬಾಕಿ ಇರುತ್ತದೆ. ಗ್ಲೋ ಪ್ಲಗ್ ಬಿಚ್ಚಿ ಫ್ಲೈವೀಲನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಮೇಲೆ ಹೋದಾಗ ಬಿಗಿ ಸಿಗುತ್ತದೆ. ಪ್ಲಗ್ ಇಲ್ಲದೆಯೂ ಆ ಬಿಗಿ ಇದ್ದರೆ ಸ್ಲೀವ್ ಚೆನ್ನಾಗಿದೆ ಅಂತ ಖುಷಿಪಡಬಹುದು. ಅಲ್ಲಿ ನಿಲ್ಲಿಸದೆ, ಪಿಸ್ಟನ್ ಪೂರ್ತಿ ಕೆಳಗೆ ಬರುವಂತೆ ತಿರುಗಿಸಿಡಿ. ಮೇಲೇ ಬಿಟ್ಟರೆ ತಿಂಗಳುಗಟ್ಟಲೆ ಅಲ್ಲೇ ಕಚ್ಚಿಕೊಂಡು, ಮುಂದಿನ ಸಲ ಎಳೆಯುವಾಗ ಹಗ್ಗ ಕಿತ್ತು ಬರುತ್ತದೆ. ಫ್ಯೂಯೆಲ್ ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ, ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೆಂಗಳೂರಿನ ಜೂನ್-ಜುಲೈ ಗಾಳಿಯಲ್ಲಿ ಸಡಿಲ ಮುಚ್ಚಳದ ಕ್ಯಾನು ತೇವ ಎಳೆದುಕೊಳ್ಳುತ್ತದೆ. ಅಂಥ ಫ್ಯೂಯೆಲ್ ಹಾಕಿದರೆ ಇಂಜಿನ್ ಯಾವ ನೀಡಲ್‌ಗೂ ಬಗ್ಗುವುದಿಲ್ಲ.